ಹೆರಿಗೆ ಕಡಿಮೆಯಾಯಿತು, ವಲಸೆ ಕಡಿಮೆಯಾಗಲಿಲ್ಲ

ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ಸಂಜೆ ವಾಹನಗಳ ಸಾಲು ನಿಂತಿತೆಂದರೆ ‘ಜನಸಂಖ್ಯೆ ಮಿತಿಮೀರಿದೆ’ ಎಂಬ ಮಾತು ಬಂದೇ ಬರುತ್ತದೆ. ಆ ಮಾತಿನ ಕಾಲ ಮುಗಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಬೇಕಾದರೆ 2.1 ಬೇಕು.

ಹಾಗಿದ್ದರೂ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಏರುತ್ತಲೇ ಬಂದದ್ದು ಏಕೆ? 2001ರಲ್ಲಿ 42.14 ಲಕ್ಷವಿದ್ದದ್ದು 2011ಕ್ಕೆ 47.79 ಲಕ್ಷವಾಯಿತು. ತುಂಬಿದ ಮನೆಗಳಲ್ಲಿ ಹುಟ್ಟಿದವರೇ ಈಗ ತಾಯಿ–ತಂದೆಯರಾಗುತ್ತಿದ್ದಾರೆ. ಅವರಿಗೆ ಒಂದೋ ಎರಡೋ ಮಕ್ಕಳಾದರೂ ಒಟ್ಟು ಲೆಕ್ಕ ಕೆಲಕಾಲ ಮೇಲೇರುತ್ತದೆ. ಜೊತೆಗೆ, ಸಾವು ಮೊದಲು ಇಳಿಯುತ್ತದೆ, ಹೆರಿಗೆ ಆಮೇಲೆ. ಹುಟ್ಟಿದ ಕೂಸು ಬದುಕುತ್ತದೆ ಎಂಬ ಭರವಸೆ ಬಂದ ಮೇಲೆಯೇ ಮನೆಯವರು ‘ಎರಡು ಸಾಕು’ ಎನ್ನುವುದು. ಯುರೋಪಿನಲ್ಲೂ ಹೀಗೆಯೇ ಆಯಿತು. ಅಲ್ಲಿ ತಲೆಮಾರುಗಳೇ ಹಿಡಿದವು, ಇಲ್ಲಿ ಬೇಗ ಆಯಿತು.

ಕೂಸಿನ ಜೊತೆ ತಾಯಿಯೂ ಬದುಕುತ್ತಾಳೆ ಎಂಬ ಭರವಸೆ ಕಟ್ಟುವುದರಲ್ಲಿ ಬೆಳಗಾವಿಯ ಪಾಲು ದೊಡ್ಡದು. ಹೆರಿಗೆಯಾದ ಕೂಡಲೇ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ತಡೆಯಲು ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ (ಜೆಎನ್‌ಎಂಸಿ) ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರ ಮೇಲೆ ಅಧ್ಯಯನ ನಡೆಸಿದರು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ ಸಿಸ್ಟರ್‌ಗಳು ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು. ಅದಕ್ಕೆ ಫ್ರಿಜ್ ಬೇಡ, ಸೂಜಿಯೂ ಬೇಡ. ವಿಪರೀತ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಈ ಅಧ್ಯಯನವನ್ನು ಪ್ರಕಟಿಸಿತು. ಜಗತ್ತಿನ ಬಡ ತಾಯಂದಿರಿಗೆ ನಮ್ಮ ಹಳ್ಳಿಗಳು ಕೊಟ್ಟ ಈ ಕೊಡುಗೆ ಜಿಲ್ಲೆಯ ಜನರಿಗೇ ಅಷ್ಟಾಗಿ ಗೊತ್ತಿಲ್ಲ ಎಂಬುದು ಬೇಸರದ ಸಂಗತಿ.

ಅದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಂಚಿಗೆ ಬಂದರೆ ಚಿತ್ರವೇ ಬೇರೆ. ಭೀಮಗಡ ಅಭಯಾರಣ್ಯದೊಳಗಿನ ಆಮಗಾಂವದಲ್ಲಿ 2024ರ ಜುಲೈನಲ್ಲಿ ಮಹಿಳೆಯೊಬ್ಬರಿಗೆ ಅನಾರೋಗ್ಯವಾದಾಗ, ಊರವರು ಮಳೆಯಲ್ಲೇ ಅವರನ್ನು ಹೆಗಲ ಮೇಲೆ ಹೊತ್ತು ಆಂಬುಲೆನ್ಸ್ ಸಿಗುವಲ್ಲಿಗೆ ನಡೆದರು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಇಲ್ಲಿ ಶಾಲೆಯೂ ದೂರ, ಪಡಿತರವೂ ದೂರ. ಓದಿದ ಹುಡುಗರು ಗೋವಾಕ್ಕೋ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶಕ್ಕೋ ಕೆಲಸ ಹುಡುಕಿ ಹೋಗುತ್ತಾರೆ, ಊರಲ್ಲಿ ಹಿರಿಯರು ಉಳಿಯುತ್ತಾರೆ. 2025ರ ಮೇ ತಿಂಗಳಲ್ಲಿ ಇದೇ ಅಭಯಾರಣ್ಯದೊಳಗಿನ ತಳೇವಾಡಿಯ 27 ಕುಟುಂಬಗಳು ಪರಿಹಾರ ಪಡೆದು ಕಾಡು ಬಿಡಲು ಒಪ್ಪಿದವು.

ಒಪ್ಪಿ ಹೊರಟವರಿಗೆ ಪರಿಹಾರದ ಜೊತೆಗೆ ಹೊಸ ಜಾಗದಲ್ಲಿ ಮನೆ, ಶಾಲೆ, ದುಡಿಮೆ ಸಿಗಬೇಕು. ಉಳಿದವರನ್ನು ‘ಹೇಗೂ ಹೋಗುವವರು’ ಎಂದು ಕೈಬಿಡುವುದು ಅನ್ಯಾಯ. ಕಾಡಿಗೆ ಧಕ್ಕೆಯಾಗದ ಕಾಲುಸಂಕ, ಮಳೆಗಾಲಕ್ಕೆ ಮುಂಚೆ ಗರ್ಭಿಣಿಯರು ಖಾನಾಪುರದಲ್ಲಿ ಉಳಿಯಲು ವ್ಯವಸ್ಥೆ, ವಾರಕ್ಕೊಮ್ಮೆ ತಪ್ಪದೆ ಬರುವ ಸಿಸ್ಟರ್: ಕೋಟಿಗಟ್ಟಲೆ ಹಣ ಬೇಡುವ ಕೆಲಸಗಳೇನಲ್ಲ. ಚಳಿಗಾಲದ ಅಧಿವೇಶನಕ್ಕೆಂದು ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುವ ಶಾಸಕರು ಈ ಬಾರಿ ಒಂದು ದಿನವನ್ನಾದರೂ ಈ ಹಳ್ಳಿಗಳ ಚರ್ಚೆಗೆ ಮೀಸಲಿಡಲಿ.