ಹೆಂಗಸರಿಗೆ ಹಗುರವಾದದ್ದು

ನೀವು ಯಾವ ಅಂಗಡಿಗೇ ಹೋಗಿ, ಏಣಿ ಕೇಳಿ, ಸುತ್ತಿಗೆ ಕೇಳಿ, ಕಡೆಗೆ ಒಂದು ಸ್ಟೂಲು ಕೇಳಿ. ಅಂಗಡಿಯವನು ನಿಮ್ಮನ್ನೊಮ್ಮೆ ನೋಡಿ, "ಲೇಡೀಸ್‌ಗೆ ಇದೇ ಸರಿ ಮೇಡಂ, ಲೈಟಾಗಿದೆ" ಎನ್ನುತ್ತಾನೆ. ಈ ಮಾತಿನ ಮೇಲೆ ನನಗೆ ತುಂಬಾ ಸಿಟ್ಟಿದೆ. ಅದರ ಗುರುತು ನನ್ನ ಬಲಗಾಲಿನ ಹೆಬ್ಬೆರಳಿನ ಮೇಲೂ ಇದೆ.

ಹೊಳೆನರಸೀಪುರದ ನಮ್ಮ ಮನೆ ಹಳೆಯದು. ಮಳೆಗಾಲ ಬಂತೆಂದರೆ ಬಾಗಿಲುಗಳು ಉಬ್ಬಿ ಕೂರುತ್ತವೆ. ಒಂದು ಅಂಚು ಹೆರೆದುಕೊಡಿ ಎಂದು ಬಡಗಿಗೆ ಹೇಳಿ ಕಳಿಸಿದರೆ, "ನಾಳೆ ಬರ್ತೀನಮ್ಮ" ಎನ್ನುತ್ತಾರೆ. ಆ ನಾಳೆ ದೀಪಾವಳಿ ಕಳೆದರೂ ಬರುವುದಿಲ್ಲ. ಅವರನ್ನು ಬೈಯಲಾರೆ. ಇಷ್ಟು ಸಣ್ಣ ಕೆಲಸಕ್ಕೆ ಅರ್ಧ ದಿನ ಕಳೆದರೆ ಅವರಿಗೆ ಗಿಟ್ಟುವುದಾದರೂ ಏನು? ಹಾಗಾಗಿ ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಗರಗಸ, ಉಜ್ಜುಗೊರಡು ನಾನೇ ಹಿಡಿದೆ. ಮೊದಮೊದಲು ಹಲಗೆಯನ್ನು ಊಟದ ಮೇಜಿನ ಮೇಲಿಟ್ಟು ಕೊಯ್ದೆ. ಮೇಜಿಗೆ ಗಾಯ, ನನಗೆ ಸೊಂಟನೋವು. ಆಗ, ಮರ ಕೊಯ್ಯುವಾಗ ಹಲಗೆಗೆ ಆಸರೆಯಾಗಿ ಇಡುವ ಒಂದು ಜೋಡಿ ಬೇಕೆನಿಸಿತು. ಒಂದು ಅಡ್ಡ ತೊಲೆ, ಅದಕ್ಕೆ ನಾಲ್ಕು ಓರೆ ಕಾಲು, ಅಷ್ಟೆ. ನಿಲ್ಲುವ ಭಂಗಿ ನೋಡಿ ನಾನದನ್ನು ಕುದುರೆ ಎಂದೇ ಕರೆಯುತ್ತೇನೆ.

ಹಾಸನದ ಅಂಗಡಿಯೊಂದರಲ್ಲಿ ಮಡಿಚುವ ತಗಡಿನ ಕುದುರೆ ಸಿಕ್ಕಿತು. ಲೈಟಾಗಿತ್ತು, ಲೇಡೀಸ್‌ಗೆ ಸರಿಯಾಗಿತ್ತು! ಮೂರನೆಯ ದಿನ ಹಿತ್ತಿಲ ಬಾಗಿಲನ್ನು ಕಳಚಿ ಅದರ ಮೇಲೆ ಮಲಗಿಸಿ ಉಜ್ಜತೊಡಗಿದೆ. ಉಜ್ಜುವ ರಭಸಕ್ಕೆ ಕಾಲಿನ ಕೊಂಡಿ ಕಳಚಿ ಕುದುರೆ ಕುಸಿಯಿತು, ಬಾಗಿಲು ನನ್ನ ಕಾಲ ಮೇಲೆ ಬಿತ್ತು. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: "ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕಿತ್ತು ಟೀಚರ್ರೇ?" ಕುದುರೆಯನ್ನು ಯಾರೂ ಬೈಯಲಿಲ್ಲ.

ನಮಗೆ ಭಾರ ಎತ್ತಲು ಬರುವುದಿಲ್ಲವೇ? ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಬಂದವರು ಯಾರು? ಅಡುಗೆಮನೆಯ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೋ, ಮೇಲೆ ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ. ಅದನ್ನು ಬಾಗಿಲಿನಿಂದ ಒಲೆಯವರೆಗೆ ಉರುಳಿಸುವಾಗ "ಲೇಡೀಸ್‌ಗೆ ಭಾರವಾಯಿತು" ಎಂದು ಯಾರಾದರೂ ಮರುಗಿದ್ದುಂಟೇ? ದುಡಿಮೆಯಲ್ಲಿ ಇಲ್ಲದ ಈ ಕನಿಕರ ಸಲಕರಣೆ ಕೊಳ್ಳುವಾಗ ಮಾತ್ರ ಎಲ್ಲಿಂದ ಬರುತ್ತದೆ?

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕಕ್ಕೆ 58 ಅಡಿಯ ಗೊಮ್ಮಟನ ಹಿಂದೆ ಎತ್ತಿದ್ದ ಅಟ್ಟಣಿಗೆ ನೆನಪಿದೆಯಲ್ಲ? ಕಲಶ ಹಿಡಿದು ಅದನ್ನು ಹತ್ತುವಾಗ ಯಾರೂ ಇದು ಹಗುರವೇ ಎಂದು ಕೇಳುವುದಿಲ್ಲ. ನಮ್ಮನ್ನು ಹೊರುತ್ತದೆಯೇ ಎಂದು ಕೇಳುತ್ತಾರೆ. ಹಿತ್ತಿಲಿನ ಕುದುರೆಗೂ ಕೇಳಬೇಕಾದದ್ದು ಅದೇ.

ಕಾಲು ವಾಸಿಯಾದ ಮೇಲೆ ತೌರೂರು ಅರಕಲಗೂಡಿಗೆ ಹೋಗಿ, ನಮ್ಮ ತಂದೆಯ ಕಾಲದ ಆಚಾರ್ರ ಮುಂದೆ ಗೋಳು ತೋಡಿಕೊಂಡೆ. "ಹಗುರ ಬೇರೆ, ಎತ್ಕೊಂಡು ಹೋಗೋಕಾಗೋದು ಬೇರೆ, ಅಮ್ಮಣ್ಣಿ" ಎಂದರು. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರ, ಚೆನ್ನಾಗಿ ಒಣಗಿದ್ದು, ತಂದರು. ತೊಲೆ 3 ಅಡಿ ಉದ್ದ, 4 ಅಂಗುಲ ಅಗಲ, 3 ಅಂಗುಲ ದಪ್ಪ. ಕಾಲುಗಳು 4 ಅಂಗುಲ ಎತ್ತರಕ್ಕೆ 1 ಅಂಗುಲದಂತೆ ಹೊರಚಾಚಿದವು. ತೊಲೆಯ ಪಕ್ಕದಲ್ಲಿ ಗಾಡಿ ಕೊರೆದು ಕಾಲಿನ ತಲೆಯನ್ನು ಅದರೊಳಗೆ ಕೂರಿಸಿ ಸ್ಕ್ರೂ ಹಾಕಿದರು. "ಭಾರ ಹೊರೋದು ಮೊಳೆ ಅಲ್ಲ, ಮರ ಮರವನ್ನ ಹೊರಬೇಕು" ಎಂದರು. ಎರಡು ಕಾಲುಗಳ ನಡುವೆ ಅಡ್ಡಪಟ್ಟಿ. ಎತ್ತರ ನನ್ನ ಮಂಡಿಯ ಮಟ್ಟಕ್ಕೆ. ಕೈಗರಗಸದಲ್ಲಿ ಕೊಯ್ಯುವಾಗ ಹಲಗೆಯನ್ನು ಮಂಡಿಯಿಂದ ಒತ್ತಿ ಹಿಡಿಯಬೇಕಲ್ಲ! ಮೇಲೆ ಕಬ್ಬಿಣ ಬೇಡವೇ ಬೇಡ, ಗರಗಸ ತಗುಲಿದರೆ ಹಲ್ಲು ಹೋಗುತ್ತದೆ. ಮರವಾದರೆ ಒಂದು ಗೀರು ಬಿದ್ದೀತು, ಅಷ್ಟೆ.

ಒಂದೊಂದು ಏಳೆಂಟು ಕಿಲೋ ತೂಗುತ್ತದೆ, ತುಂಬಿದ ಕೊಡದ ಅರ್ಧ. ಕಾಲು ಓರೆಯಾದ್ದರಿಂದ ಒಂದರ ಮೇಲೊಂದು ಕೂರುತ್ತವೆ, ಬಚ್ಚಲ ಪಕ್ಕದ ಸಂದಿಯೇ ಸಾಕು. ಕಳೆದ ಸಲ ಚನ್ನರಾಯಪಟ್ಟಣದ ತಂಗಿಯ ಮನೆಗೆ ಪುಸ್ತಕದ ಗೂಡು ಮಾಡಿಕೊಡಲು ಹೊರಟಾಗ ಬಸ್ಸಿನಲ್ಲೇ ಒಯ್ದೆ. ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು, "ಏನಮ್ಮಾ ಇದು?" ಎಂದ. ಕುದುರೆ ಎಂದೆ. ಬಸ್ಸೆಲ್ಲ ನಕ್ಕಿತು.

ಮರಗೆಲಸ ನಮಗೇಕೆ, ಬಡಗಿಯನ್ನು ಕರೆಸಿದರಾಯಿತು ಎನ್ನುವಿರಾ? ಕರೆಸಿ. ಆದರೆ ಅವರೂ ನಿಮ್ಮ ಮೆಟ್ಟಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಹಲಗೆಯನ್ನು ಪಾದದಲ್ಲಿ ಒತ್ತಿ ಕೊಯ್ಯುವುದನ್ನು ನೋಡಿದ್ದೀರಲ್ಲ? ಗರಗಸಕ್ಕೂ ಪಾದಕ್ಕೂ ನಡುವೆ ಇರುವುದು ನಾಲ್ಕೇ ಬೆರಳು. ತೇಗದ ಬಾಗಿಲಿಗೆ ಸಾವಿರಾರು ರೂಪಾಯಿ ಸುರಿಯುವ ನಾವು ಮನೆಯಲ್ಲಿ ಒಂದು ಜೋಡಿ ಕುದುರೆ ಇಟ್ಟರೆ ಅವರ ಮಂಡಿಯೂ ಉಳಿಯುತ್ತದೆ.

ಇನ್ನು ಮಡಿಚುವಂಥದ್ದೇ ಬೇಕೆಂದರೆ ಕೊಳ್ಳಿ, ಆದರೆ ಕೊಂಡಿಯನ್ನು ಕಣ್ಣಾರೆ ನೋಡಿ, ಕೈಯಾರೆ ಎಳೆದು ನೋಡಿ. ಕಾಲು ಬಿಡಿಸಿ ನಿಲ್ಲಿಸಿ ಪಕ್ಕದಿಂದ ತಳ್ಳಿ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಅದರ ಮೇಲೆ ಕೂತುಬಿಡಿ. ಅಂಗಡಿಯವನು ನಕ್ಕರೆ ನಗಲಿ. ಅದು ಅಲುಗಾಡಿತೋ, ಎಷ್ಟೇ ಲೈಟಾಗಿರಲಿ, ಅಲ್ಲೇ ಬಿಟ್ಟು ಎದ್ದು ಬನ್ನಿ.