ನೆಲೆಯೂರಿದ ಗುಲಾಬಿಯನ್ನು ಕಿತ್ತು ನೆಡಬಹುದೇ?

ಈ ಸಲ ಬಂದ ಕಾಗದಗಳಲ್ಲಿ ಒಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬರೆದ ಸೋದರಿಯ ಮನೆಯಲ್ಲಿ ಅಣ್ಣತಮ್ಮಂದಿರ ಪಾಲಾಗಿದೆ. ಅಂಗಳದ ನಡುವೆ ಗೋಡೆ ಏಳಲಿದೆ. ಪಾಯ ಬರುವ ಜಾಗದಲ್ಲೇ ಅವರ ಅತ್ತೆಯವರು ಕಡ್ಡಿಯಿಂದ ಬೆಳೆಸಿದ ಪನ್ನೀರು ಗುಲಾಬಿ ಇದೆ, ಹನ್ನೆರಡು ವರ್ಷದ ಗಿಡ. “ಅತ್ತೆಯವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಬೆಳಿಗ್ಗೆ ಹೋಗಿ ಗಿಡದ ಹತ್ತಿರ ಸುಮ್ಮನೆ ನಿಂತು ಬರುತ್ತಾರೆ. ಕಿತ್ತು ಬೇರೆ ಕಡೆ ಹಾಕಿದರೆ ಬದುಕುತ್ತದೆಯೇ? ದೀಪಾವಳಿ ಕಳೆದ ಮೇಲೆ ಗಾರೆಯವರು ಬರುತ್ತಾರೆ” ಎಂದು ಕೇಳಿದ್ದಾರೆ.

ಬದುಕುತ್ತದೆ, ಸೋದರಿ. ಆದರೆ ಗಾರೆಯವರು ಬಾಗಿಲಿಗೆ ಬಂದ ದಿನ ಅವಸರದಲ್ಲಿ ಕಿತ್ತರೆ ಬದುಕುವುದು ಕಷ್ಟ. ಕೀಳುವುದಕ್ಕೆ ಒಂದು ತಿಂಗಳು ಮುಂಚೆಯೇ ಕೆಲಸ ಶುರುವಾಗಬೇಕು. ನವರಾತ್ರಿಗೆ ಮುಂಚೆಯೇ ಗುದ್ದಲಿ ಹರಿತ ಮಾಡಿಸಿಡಿ.

ಯಾಕೆ ಅಂತ ಹೇಳುತ್ತೇನೆ. ಹಳೆಯ ಗಿಡದ ಬುಡದಲ್ಲಿ ಕಾಣುವ ದಪ್ಪ ಬೇರುಗಳು ಸೌದೆಯ ಹಾಗೆ. ಗಿಡವನ್ನು ಹಿಡಿದು ನಿಲ್ಲಿಸುವುದು, ಒಂದಿಷ್ಟು ಆಹಾರ ಕೂಡಿಡುವುದು, ಅಷ್ಟೆ ಅವುಗಳ ಕೆಲಸ. ನೀರು ಹೀರುವುದು ತುದಿಯಲ್ಲಿರುವ ಕೂದಲೆಳೆಯಂಥ ಬೇರುಗಳು. ವರ್ಷ ಕಳೆದಂತೆ ಅವು ಬುಡ ಬಿಟ್ಟು ಒಂದು ಮೊಳ, ಎರಡು ಮೊಳ ದೂರ ಹೋಗಿರುತ್ತವೆ. ನಾವು ಅಗೆದಾಗ ಆ ಎಳೆ ಬೇರುಗಳೆಲ್ಲ ಹಳೆಯ ಜಾಗದಲ್ಲೇ ಉಳಿದುಬಿಡುತ್ತವೆ. ಮೇಲೆ ಎಲೆಗಳು ಮಾತ್ರ ಮೊದಲಿನಷ್ಟೇ. ಕುಡಿಸುವವರಿಲ್ಲ, ಕುಡಿಯುವ ಬಾಯಿ ನೂರಾರು. ಮೂರು ದಿನದಲ್ಲಿ ಎಲೆ ಜೋತು ಬೀಳುತ್ತದೆ, ನಾವು ದೃಷ್ಟಿ ತಾಗಿತು ಅಂತೀವಿ!

ಆದ್ದರಿಂದ ಬುಡದ ಹತ್ತಿರವೇ ಹೊಸ ಬೇರು ಬರುವಂತೆ ಮೊದಲು ಮಾಡಿಕೊಳ್ಳಬೇಕು. ಕಾಂಡದಿಂದ ಒಂಬತ್ತು ಹತ್ತು ಅಂಗುಲ ಬಿಟ್ಟು ಸುತ್ತಲೂ ಗೆರೆ ಎಳೆಯಿರಿ. ಆ ಗೆರೆಯ ಅರ್ಧ ಭಾಗದಲ್ಲಿ ಮಾತ್ರ ಹರಿತವಾದ ಗುದ್ದಲಿಯಿಂದ ನೇರ ಕೆಳಗೆ ಒಂದು ಅಡಿ ಇಳಿಸಿ ಬೇರು ಕತ್ತರಿಸಿ. ಸಂದಿಗೆ ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ತುಂಬಿ, ತೇವ ಆರದಂತೆ ನೋಡಿಕೊಳ್ಳಿ. ಎರಡು ವಾರ ಬಿಟ್ಟು ಉಳಿದ ಅರ್ಧ. ಒಂದೇ ದಿನ ಪೂರ್ತಿ ಸುತ್ತು ಕತ್ತರಿಸಬೇಡಿ, ಗಿಡ ತಡೆಯಲ್ಲ. ಕತ್ತರಿಸಿದ ತುದಿಗಳಿಂದ ಎಳೆ ಬೇರು ಹೊರಡುತ್ತದೆ. ಕೀಳುವ ದಿನ ಈ ಗೆರೆಯಿಂದ ಎರಡು ಮೂರು ಅಂಗುಲ ಹೊರಗೆ ಅಗೆದರೆ ಅವು ಗಿಡದ ಜೊತೆಗೇ ಬರುತ್ತವೆ.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಿ. ಹೂ ಬಿಟ್ಟು ಮುಗಿಸಿದ, ಪೆನ್ಸಿಲ್ ದಪ್ಪದ ಏಳೆಂಟು ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ. ಕೆಳಗಿನ ಕಡೆ ಗಿಣ್ಣಿನ ಕೆಳಗೇ ಕತ್ತರಿಸಬೇಕು. ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಮರಳು, ತೆಂಗಿನ ನಾರಿನ ಪುಡಿ ಬೆರೆಸಿದ ಕುಂಡದಲ್ಲಿ ನೆರಳಿಗಿಡಿ. ಒಂದೂವರೆ ತಿಂಗಳ ಹೊತ್ತಿಗೆ ಕೆಲವಾದರೂ ಬೇರು ಬಿಡುತ್ತವೆ. ಪನ್ನೀರು ಗುಲಾಬಿ ಸ್ವಂತ ಬೇರಿನ ಮೇಲೆ ನಿಂತ ಗಿಡ, ಕಡ್ಡಿಯಿಂದ ಬಂದದ್ದೂ ಅದೇ ಗಿಡವೇ, ಅದೇ ಪರಿಮಳ. ದೊಡ್ಡ ಗಿಡಕ್ಕೆ ಏನಾದರೂ ಆದರೂ ಅತ್ತೆಯವರ ಗುಲಾಬಿ ಮನೆ ಬಿಟ್ಟು ಹೋಗುವುದಿಲ್ಲ. ನರ್ಸರಿಯಿಂದ ತಂದ ದೊಡ್ಡ ಹೂವಿನ ಕಸಿ ಗುಲಾಬಿಗಳಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಅವು ಬೇರೆ ಜಾತಿಯ ಗಟ್ಟಿ ಬೇರನ್ನು ನೆಚ್ಚಿಕೊಂಡಿರುತ್ತವೆ, ಕಡ್ಡಿ ಬೇರು ಬಿಟ್ಟರೂ ಗಿಡ ಬಡಕಲಾಗಿರುವುದೇ ಹೆಚ್ಚು.

ಕಾಲದ ಮಾತು. ಚಳಿದೇಶಗಳಲ್ಲಿ ಗುಲಾಬಿ ಎಲೆ ಉದುರಿಸಿ ಮಲಗಿದಾಗ ಕೀಳುತ್ತಾರೆ. ನಮ್ಮ ಗಿಡಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ಬಿಸಿಲು ಇಳಿದ ಕಾಲ ಹುಡುಕಬೇಕು. ಬಯಲುಸೀಮೆಗೆ ಮಳೆ ನಿಂತ ಮೇಲಿನ ಅಕ್ಟೋಬರಿನಿಂದ ಜನವರಿ ಒಳ್ಳೆಯದು. ಮಲೆನಾಡು, ಕರಾವಳಿಯವರು ಜಡಿಮಳೆಯಲ್ಲಿ ಕೈಹಾಕಬೇಡಿ, ಗಾಯವಾದ ಬೇರು ಕೊಳೆಯುತ್ತದೆ. ಮಾರ್ಚಿನಿಂದ ಮೇವರೆಗೆ ಎಲ್ಲರಿಗೂ ಬೇಡ.

ಕೀಳುವ ಮೊದಲೇ ಹೊಸ ಗುಣಿ ಸಿದ್ಧವಿರಲಿ. ಗಿಡ ಅಂಗಳದಲ್ಲಿ ಒಣಗುತ್ತಾ ಕೂತಿರುವಾಗ ಗುಣಿ ತೋಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಅಗಲ ಬೇರಿನ ಹೆಂಟೆಗಿಂತ ಒಂದಿಷ್ಟು ಹೆಚ್ಚಿರಲಿ, ಆಳ ಒಂದೂವರೆ ಅಡಿ ಸಾಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗವಾಗಲಿ. ಮೊದಲು ಗುಲಾಬಿ ಇದ್ದ ಜಾಗದಲ್ಲೇ ಇನ್ನೊಂದು ಗುಲಾಬಿ ನೆಟ್ಟರೆ ಏಳಿಗೆಯಾಗುವುದಿಲ್ಲ. ಬೇರೆ ಜಾಗವಿಲ್ಲದಿದ್ದರೆ ಮಣ್ಣು ಪೂರ್ತಿ ಬದಲಾಯಿಸಿ. ಗುಣಿಯ ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಗೆದ್ದಲಿನ ಕಾಟವಿದ್ದರೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಸರ್ವಥಾ ಬೇಡ.

ಹಿಂದಿನ ದಿನ ಬುಡಕ್ಕೆ ಎರಡು ಬಿಂದಿಗೆ ನೀರು ಹಾಕಿ. ಒಣಗಿದ, ಒಂದಕ್ಕೊಂದು ತಿಕ್ಕುವ, ಹುರಿಯಂತೆ ಸಣಕಲಾದ ರೆಂಬೆಗಳನ್ನೆಲ್ಲ ತೆಗೆದು, ಗಟ್ಟಿಯಾದ ನಾಲ್ಕೈದು ಕಾಂಡ ಮಾತ್ರ ಉಳಿಸಿ. ಅವನ್ನೂ ಒಂದೂವರೆ ಎರಡು ಅಡಿಗೆ, ಹೊರಮುಖದ ಕಣ್ಣಿನ ಮೇಲೆ ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ. ಹೂ, ಮೊಗ್ಗು ಒಂದೂ ಇರಬಾರದು. ಕೈ ಬರುವುದಿಲ್ಲ, ಗೊತ್ತು. ಅತ್ತೆಯವರ ಕೈಗೇ ಆ ಹೂಗಳನ್ನು ಕೊಟ್ಟು ದೇವರಿಗೆ ಇಡಿಸಿ.

ಸಂಜೆ ನಾಲ್ಕರ ಮೇಲೆ ಅಗೆಯಿರಿ. ಸುತ್ತ ಕಾಲುವೆ ತೋಡಿ, ಅಡಿಯಿಂದ ಓರೆಯಾಗಿ ಗುದ್ದಲಿ ಹಾಕಿ ಎತ್ತಬೇಕು. ಮನೆಯ ಗಂಡಸರಿಗೆ ಒಪ್ಪಿಸುವುದಾದರೆ, ಕಾಂಡ ಹಿಡಿದು ಜಗ್ಗುವುದು ಬೇಡ ಅಂತ ಮೊದಲೇ ಹೇಳಿಬಿಡಿ. ಕೋಲಾರ, ತುಮಕೂರಿನ ಕಡೆಯ ಕೆಮ್ಮಣ್ಣು ಸಡಿಲವಾಗಿ ಉದುರುತ್ತದೆ, ಹೆಂಟೆಯ ಕೆಳಗೆ ಗೋಣಿತಾಟು ತೂರಿಸಿ ಬಿಗಿಯಾಗಿ ಕಟ್ಟಿಕೊಂಡೇ ಎತ್ತಿ. ವಿಜಯಪುರ, ಗದಗಿನ ಕಡೆಯ ಎರೆಮಣ್ಣು ಅಂಟುತ್ತದೆ, ನೀರು ಹಾಕಿ ಎರಡು ದಿನ ಬಿಟ್ಟು ಹದವಾದ ಮೇಲೆ ಅಗೆಯಿರಿ. ಸೆಣಬಿನ ತಾಟನ್ನು ಗುಣಿಯೊಳಗೆ ಗಂಟು ಬಿಚ್ಚಿ ಹಾಗೆಯೇ ಬಿಟ್ಟರೂ ಕರಗುತ್ತದೆ. ಸಿಮೆಂಟಿನ ಪ್ಲಾಸ್ಟಿಕ್ ಚೀಲವಾದರೆ ಪೂರ್ತಿ ತೆಗೆಯಲೇಬೇಕು. ಜಜ್ಜಿದ ಬೇರನ್ನು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿ.

ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ ಕೂರಿಸಿ. ಕಸಿ ಗಿಡವಾದರೆ ಗಂಟು ಮಣ್ಣಿಗಿಂತ ಎರಡು ಅಂಗುಲ ಮೇಲಿರಲಿ. ಅರ್ಧ ಮಣ್ಣು ತುಂಬಿ ನೀರು ಬಿಡಿ, ಇಂಗಿದ ಮೇಲೆ ಉಳಿದದ್ದು ತುಂಬಿ ಮತ್ತೆ ನೀರು. ಕಾಲಲ್ಲಿ ತುಳಿಯುವುದಕ್ಕಿಂತ ನೀರೇ ಮಣ್ಣನ್ನು ಚೆನ್ನಾಗಿ ಕೂರಿಸುತ್ತದೆ. ಮೇಲೆ ಎರಡು ವಾರ ತೆಂಗಿನ ಗರಿಯ ನೆರಳು ಕಟ್ಟಿ. ಆಮೇಲೆ ದಿನಾ ಚೊಂಬುಗಟ್ಟಲೆ ಸುರಿಯಬೇಡಿ. ಬೆರಳು ಒಂದು ಗೆಣ್ಣು ಮಣ್ಣಿಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.

ಹತ್ತು ಹದಿನೈದು ದಿನಕ್ಕೆ ಕೆಂಪಗೆ ಚಿಗುರು ಬರುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಆ ಚಿಗುರು ಬರುವುದು ಕಾಂಡದಲ್ಲಿ ಕೂಡಿಟ್ಟ ಗಂಜಿಯಿಂದ, ಬೇರು ಇನ್ನೂ ಹಿಡಿದಿರುವುದಿಲ್ಲ. ಖುಷಿಯಲ್ಲಿ ನೆರಳು ಕಿತ್ತು, ಯೂರಿಯಾ ಹಾಕಿದರೆ ಚಿಗುರು ಸುಟ್ಟಂತಾಗುತ್ತದೆ. ಎರಡನೆಯ ಸುತ್ತಿನ ಎಲೆ ಬಲಿತು ಹಸಿರಾಗುವವರೆಗೆ ಗೊಬ್ಬರದ ಹೆಸರೆತ್ತಬೇಡಿ. ಒಂದು ವೇಳೆ ಚಿಗುರೇ ಬರದಿದ್ದರೂ ಕಿತ್ತೆಸೆಯಬೇಡಿ. ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಒಣಗಿದ ತುದಿಯನ್ನು ಹಸಿರು ಸಿಗುವವರೆಗೆ ಕತ್ತರಿಸುತ್ತಾ ಬನ್ನಿ, ಕೆಲವೊಮ್ಮೆ ಬುಡದಿಂದಲೇ ಹೊಸ ಕಾಂಡ ಏಳುತ್ತದೆ. ಕಸಿ ಗಿಡದಲ್ಲಿ ಮಾತ್ರ ಗಂಟಿನ ಕೆಳಗಿನಿಂದ ಬಂದದ್ದನ್ನು ತೆಗೆದುಬಿಡಿ, ಅದು ಕಾಡು ಗುಲಾಬಿ.

ಮೊದಲು ಕಾಣುವ ಮೊಗ್ಗುಗಳನ್ನು ಕಡಲೆಕಾಳಿನಷ್ಟಿರುವಾಗಲೇ ಚಿವುಟಿ. ಸಂಕ್ರಾಂತಿಯ ಹೂ ಬಿಟ್ಟುಕೊಟ್ಟರೆ ಯುಗಾದಿಗೆ ಬುಟ್ಟಿ ತುಂಬೀತು.