ಯಾರಿಗೆ ಈ ನಕ್ಷತ್ರ?

‘ಐದು ನಕ್ಷತ್ರಗಳ ಸುರಕ್ಷತೆ’ ಎಂದು ಕಾರಿನ ಜಾಹೀರಾತು ಸಾರುತ್ತದೆ. ಯಾರ ಸುರಕ್ಷತೆ ಎಂದರೆ ಬಾಯಿಬಿಡದು.

2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ವಯಸ್ಕರ ರಕ್ಷಣೆಯಲ್ಲಿ ದೊರೆತದ್ದು ಸೊನ್ನೆ. ಅವುಗಳಲ್ಲೊಂದಾದ ಪೋಲೋ ಎರಡು ಏರ್‌ಬ್ಯಾಗ್‌ಗಳೊಡನೆ ನಾಲ್ಕು ನಕ್ಷತ್ರ ಗಳಿಸಿತು. ಹೆಸರು ಒಂದೇ, ತೆತ್ತ ಬೆಲೆಗೆ ತಕ್ಕಷ್ಟು ಆಯುಸ್ಸು! ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ.

2023ರಲ್ಲಿ ಭಾರತ್ ಎನ್‌ಕ್ಯಾಪ್ ಆರಂಭವಾದದ್ದು ಸ್ವಾಗತಾರ್ಹವೇ. ಆದರೆ ಅದು ಅಂಕಗಳನ್ನು ಗೊತ್ತುಪಡಿಸಿದ್ದು ಕಾರಿನೊಳಗಿನ ವಯಸ್ಕರ ಮತ್ತು ಮಕ್ಕಳ ರಕ್ಷಣೆಗೆ. ಹೊರಗಿನವರ ಗತಿಯೇನು? ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ರಸ್ತೆಯಲ್ಲಿ ಮಡಿದ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು, ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನದವರು.

ಒಳಗಿನವರಿಗಾದರೂ ನಕ್ಷತ್ರವು ತಾಯಿತವಲ್ಲ. ಅದೇ ವರ್ಷ ಮುಂಬಯಿ–ಅಹಮದಾಬಾದ್ ಹೆದ್ದಾರಿಯಲ್ಲಿ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ಮರ್ಸಿಡಿಸ್ ಕಾರಿನಲ್ಲಿ. ಹಿಂದಿನ ಆಸನದಲ್ಲಿದ್ದ ಅವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಹಬ್ಬಕ್ಕೆಂದು ಇಡೀ ಸಂಸಾರವನ್ನು ಕಾರಿನಲ್ಲಿ ತುಂಬಿಕೊಂಡು ಊರಿಗೆ ಹೊರಡುವ ಹೊರನಾಡ ಕನ್ನಡಿಗರು ಇದನ್ನು ನೆನಪಿಡಬೇಕು.

ನಕ್ಷತ್ರದಷ್ಟೇ ದಪ್ಪಕ್ಷರದಲ್ಲಿ ಪರೀಕ್ಷೆಗೊಳಗಾದ ಮಾದರಿ, ವರ್ಷ, ವೇಗಗಳನ್ನೂ ಜಾಹೀರಾತಿನಲ್ಲಿ ಅಚ್ಚುಹಾಕಲೇಬೇಕೆಂಬ ಕಾನೂನಿಗಾಗಿ ನಾವು ಒತ್ತಾಯಿಸಬೇಕು. ರಸ್ತೆ ದಾಟುವ ಮುದುಕಿಯನ್ನು ಕಾಯುವುದು ಕಾಲುದಾರಿ ಮತ್ತು ವೇಗದ ಮಿತಿ. ಅವನ್ನು ಯಾವ ಕಂಪೆನಿಯೂ ಮಾರುವುದಿಲ್ಲ. ಸರಕಾರವನ್ನು ಕೇಳಿಯೇ ಪಡೆಯಬೇಕು.